ಮೆಲ್ರೋಸ್: ಏಳು ಜನರ ರಗ್ಬಿ ಹುಟ್ಟಿದ ಊರು

ಸ್ಕಾಟ್ಲೆಂಡಿನ ದಕ್ಷಿಣದ ಗಡಿಸೀಮೆಯಲ್ಲಿ, ಟ್ವೀಡ್ ನದಿಗೂ ಐಲ್ಡನ್ ಎಂಬ ಮೂರು ಗುಡ್ಡಗಳಿಗೂ ನಡುವೆ ಇರುವ ಸಣ್ಣ ಪೇಟೆ ಮೆಲ್ರೋಸ್. ಜನಸಂಖ್ಯೆ ಎರಡು ಸಾವಿರ ಚಿಲ್ಲರೆ. ಪ್ರವಾಸಿಗರು ಬರುವುದು 1136ರಲ್ಲಿ ಒಂದನೇ ಡೇವಿಡ್ ದೊರೆ ಸ್ಥಾಪಿಸಿದ ಕ್ರೈಸ್ತ ಮಠದ ಅವಶೇಷ ನೋಡಲು. ರಾಬರ್ಟ್ ಬ್ರೂಸ್ ದೊರೆಯ ಹೃದಯವನ್ನು ಹೂತದ್ದು ಅಲ್ಲಿ ಎನ್ನುತ್ತಾರೆ. ಆದರೆ ಹಾಳುಬಿದ್ದ ಮಠಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ಮೆಲ್ರೋಸಿನಲ್ಲಿ ಮೊದಲು ನೋಡಬೇಕಾದದ್ದು ಗ್ರೀನ್‌ಯಾರ್ಡ್ಸ್ ಎಂಬ ರಗ್ಬಿ ಮೈದಾನ.

ಇಲ್ಲಿನ ರಗ್ಬಿ ಕ್ಲಬ್ಬು ಶುರುವಾದದ್ದು 1877ರಲ್ಲಿ, ಪಕ್ಕದ ಗ್ಯಾಲಶೀಲ್ಸಿನವರ ಜೊತೆ ಕೂಡಿ ಆಡುತ್ತಿದ್ದವರು ಬೇರೆಯಾದಾಗ. ಆರು ವರ್ಷ ಕಳೆಯುವಷ್ಟರಲ್ಲಿ ಕೈ ಬರಿದಾಯಿತು. ಮಾಂಸದಂಗಡಿಯಲ್ಲಿ ಕೆಲಸಕ್ಕಿದ್ದ ನೆಡ್ ಹೇಗ್ ಎಂಬ ಆಟಗಾರ, ದುಡ್ಡು ಎತ್ತಲು ಒಂದು ಪಂದ್ಯಾವಳಿ ಇಡೋಣ ಎಂದ. ಹದಿನೈದು ಜನರ ತಂಡಗಳು ಆಡುತ್ತ ಕೂತರೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಮಾತಲ್ಲ. ಹಾಗಾಗಿ ತಂಡಕ್ಕೆ ಏಳೇ ಜನ, ಪಂದ್ಯಕ್ಕೆ ಹದಿನೈದೇ ನಿಮಿಷ ಎಂದಾಯಿತು. ನಮ್ಮ ಕಬಡ್ಡಿಯಲ್ಲೂ ಕಣಕ್ಕಿಳಿಯುವವರು ಏಳೇ ಜನ. ಇಲ್ಲಿ ಆ ಲೆಕ್ಕ ಬಂದದ್ದು ಹೊತ್ತು ಸಾಲದೆ.

1883ರ ಏಪ್ರಿಲ್ 28ರಂದು ಆಟ ನಡೆಯಿತು. ಸುತ್ತಲಿನ ಊರುಗಳಿಂದ ವಿಶೇಷ ರೈಲುಗಳು ಬಂದವು. ಊರಿನ ಹೆಂಗಸರು ಒಂದು ಬೆಳ್ಳಿ ಕಪ್ಪು ಕೊಟ್ಟಿದ್ದರು. ಅಂತಿಮ ಪಂದ್ಯದಲ್ಲಿ ಮೆಲ್ರೋಸಿಗೆ ಎದುರಾದವರು ಯಾರು? ತಾವು ಬಿಟ್ಟುಬಂದಿದ್ದ ಅದೇ ಗ್ಯಾಲಶೀಲ್ಸಿನವರು! ಹದಿನೈದು ನಿಮಿಷದಲ್ಲಿ ಯಾರಿಗೂ ಅಂಕ ಸಿಗಲಿಲ್ಲ. ಇನ್ನೂ ಹದಿನೈದು ನಿಮಿಷ ಆಡುವುದೆಂದು ಒಪ್ಪಂದವಾಯಿತು. ಸುಮಾರು ಹತ್ತು ನಿಮಿಷಕ್ಕೆ ಮೆಲ್ರೋಸಿನ ನಾಯಕ ಡೇವಿಡ್ ಸ್ಯಾಂಡರ್ಸನ್ ಚೆಂಡು ಹೊತ್ತೋಡಿ, ಎದುರಾಳಿಗಳ ಗೋಲುಗೆರೆಯಾಚೆ ನೆಲಕ್ಕೆ ಒತ್ತಿ ಟ್ರೈ ಹೊಡೆದ. ಹೊಡೆದದ್ದೇ ತಡ, ತಂಡದವರೆಲ್ಲ ಮೈದಾನ ಬಿಟ್ಟು ಹೊರಟು ಕಪ್ಪು ತಮ್ಮದೆಂದರು. ಇನ್ನೂ ಹೊತ್ತಿದೆಯಲ್ಲ ಎಂದು ಗ್ಯಾಲಶೀಲ್ಸಿನವರು ತಕರಾರು ತೆಗೆದರು. ನ್ಯಾಯ ಅವರ ಕಡೆಗೇ ಇತ್ತು ಎಂದು ನನಗನ್ನಿಸುತ್ತದೆ. ಕಪ್ಪು ಮಾತ್ರ ಮೆಲ್ರೋಸಿನಲ್ಲೇ ಉಳಿಯಿತು.

ಖಜಾನೆ ತುಂಬಿಸಲು ಹೂಡಿದ ಈ ಉಪಾಯ ನೆರೆಯೂರುಗಳಿಗೆ ಹಬ್ಬಿತು, ಆಮೇಲೆ ದೇಶ ದಾಟಿತು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಏಳು ಜನರ ರಗ್ಬಿ ಸೇರ್ಪಡೆಯಾದಾಗ ಪುರುಷರ ಚಿನ್ನ ಗೆದ್ದದ್ದು ಫಿಜಿ.

ಮೆಲ್ರೋಸಿನವರು ಆಡುವ ರಗ್ಬಿ ಯೂನಿಯನ್ ಎಂಬ ಬಗೆಯಲ್ಲಿ 1995ರವರೆಗೆ ಆಟಕ್ಕೆ ಸಂಬಳವೇ ಇರಲಿಲ್ಲ. ಮೆಲ್ರೋಸಿಗೆ ಆಡಿದ ಜಿಮ್ ಟೆಲ್ಫರ್ ವೃತ್ತಿಯಿಂದ ಶಾಲಾ ಮೇಷ್ಟರು. 1984ರಲ್ಲಿ ಸ್ಕಾಟ್ಲೆಂಡ್ ತಂಡ ಐದು ರಾಷ್ಟ್ರಗಳ ಪಂದ್ಯಾವಳಿಯ ಎಲ್ಲ ಪಂದ್ಯಗಳನ್ನೂ ಗೆದ್ದು ಗ್ರ್ಯಾಂಡ್ ಸ್ಲಾಮ್ ಪಡೆದಾಗ ತರಬೇತುದಾರರು ಅವರೇ. 1990ರಿಂದ 1997ರ ಒಳಗೆ ಈ ಪುಟ್ಟ ಊರು ಸ್ಕಾಟ್ಲೆಂಡಿನ ಲೀಗ್ ಪ್ರಶಸ್ತಿಯನ್ನು ಆರು ಸಲ ಗೆದ್ದಿತು. ಆಟಗಾರರಿಗೆ ಸಂಬಳ ಬಂದ ಮೇಲೆ ದೊಡ್ಡ ಪ್ರತಿಭೆಗಳು ಎಡಿನ್‌ಬರ ಮತ್ತು ಗ್ಲಾಸ್ಗೋದ ವೃತ್ತಿಪರ ತಂಡಗಳ ಪಾಲಾದವು.

ಮೊದಲ ಪಂದ್ಯಾವಳಿಗೆ ಜನರನ್ನು ತಂದ ರೈಲುಹಾದಿ 1969ರಲ್ಲಿ ಮುಚ್ಚಿತು. 2015ರಲ್ಲಿ ಅದರ ಒಂದು ಭಾಗ ಮತ್ತೆ ತೆರೆಯಿತು, ಆದರೆ ಮೆಲ್ರೋಸ್‌ವರೆಗೆ ಬರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಎಡಿನ್‌ಬರದ ಕಡೆ ಹೋದವರು ಅಲ್ಲಿಂದ ಈ ರೈಲು ಹಿಡಿದು, ಕೊನೆಯ ನಿಲ್ದಾಣವಾದ ಟ್ವೀಡ್‌ಬ್ಯಾಂಕಿನಲ್ಲಿ ಇಳಿದು ನಡೆದೇ ಊರು ಸೇರಬಹುದು. ಪಂದ್ಯಾವಳಿ ನಡೆಯುವುದು ಸಾಮಾನ್ಯವಾಗಿ ಆ ತಿಂಗಳ ಎರಡನೇ ಶನಿವಾರ.