ಏತ, ಕಪಿಲೆ, ರಾಟೆ: ನೀರೆತ್ತುವ ಸಾಧನಗಳ ಪದಚರಿತ್ರೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಬೇಸಾಯವು ಬಹುಕಾಲ ಕೆರೆ ಮತ್ತು ಬಾವಿಗಳನ್ನೇ ನಂಬಿಕೊಂಡಿತ್ತು. ಕುಣಿಗಲ್ಲಿನ ದೊಡ್ಡಕೆರೆಯಂತಹ ಕೆರೆಗಳ ತೂಬಿನ ನೀರು ತಗ್ಗಿನ ಗದ್ದೆಗಳಿಗೆ ತಾನಾಗಿ ಇಳಿಯುತ್ತದೆ. ಆದರೆ ದಿಣ್ಣೆಯ ಹೊಲಕ್ಕೂ ಗುಬ್ಬಿಯ ಕಡೆಯ ತೆಂಗು-ಅಡಿಕೆ ತೋಟಗಳಿಗೂ ನೀರನ್ನು ಮೇಲೆತ್ತಿಯೇ ಕೊಡಬೇಕು. ಈ ಅಗತ್ಯದಿಂದ ಬಳಕೆಗೆ ಬಂದ ಸಾಧನಗಳಲ್ಲಿ ಏತ, ಕಪಿಲೆ ಮತ್ತು ರಾಟೆ ಮುಖ್ಯವಾದವು. ಈ ಸಾಧನಗಳ ವಿವರ ಅಲ್ಲಲ್ಲಿ ದಾಖಲಾಗಿದೆ. ಇವುಗಳ ಹೆಸರುಗಳಿಗೆ ಮಾತ್ರ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಅದರಲ್ಲಿಯೂ ‘ಏತ’ವನ್ನು ‘ಯಾತ’ ಎನ್ನುವ ರೈತನ ಉಚ್ಚಾರಣೆಯನ್ನು ಅಶುದ್ಧವೆಂದು ತಳ್ಳಿಹಾಕುವುದು ಓದುಬಲ್ಲವರಲ್ಲಿ ರೂಢಿಯಾಗಿದೆ. ಈ ರೂಢಿಯನ್ನು ಮರುಪರಿಶೀಲಿಸಬೇಕಾಗಿದೆ.

ಏತದ ರಚನೆ ಸರಳವಾದುದು. ನೆಟ್ಟ ಕಂಬದ ಮೇಲೆ ಉದ್ದನೆಯ ಮರವೊಂದು ತಕ್ಕಡಿಯ ದಂಡಿಯಂತೆ ಏರಿಳಿಯುತ್ತದೆ. ಬಾವಿಯ ಕಡೆಯ ತುದಿಗೆ ನೀರಿನ ಪಾತ್ರೆಯನ್ನು ಇಳಿಬಿಟ್ಟಿರುತ್ತಾರೆ. ಚಿಕ್ಕ ಏತವಾದರೆ ಮತ್ತೊಂದು ತುದಿಗೆ ಕಲ್ಲಿನ ಭಾರವೇ ಸಾಕು. ದೊಡ್ಡದಾದರೆ ಆಳು ಮರವನ್ನೇರಿ ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾನೆ. ಅವನು ಬಾವಿಯ ಕಡೆಗೆ ನಡೆದಾಗ ಪಾತ್ರೆ ಮುಳುಗುತ್ತದೆ, ಹಿಂದಕ್ಕೆ ಸರಿದಾಗ ತುಂಬಿಕೊಂಡು ಮೇಲೇಳುತ್ತದೆ. ಕೆಳಗೆ ನಿಂತ ಇನ್ನೊಬ್ಬ ಅದನ್ನು ಕಾಲುವೆಗೆ ಬಗ್ಗಿಸುತ್ತಾನೆ. ಈಜಿಪ್ಟಿನ ಶಾಡೂಫ್ ಕೂಡ ಇದೇ ತತ್ವದ ಸಾಧನ.

‘ಏತ’ ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ಇದರ ರೂಪ ‘ಏಟ್ರಂ’, ಮಲಯಾಳದಲ್ಲಿ ‘ಏತ್ತಂ’, ತೆಲುಗಿನಲ್ಲಿ ‘ಏತಮು’. ಇವೆಲ್ಲಕ್ಕೂ ಮೂಲ, ಮೇಲಕ್ಕೆ ಹೋಗು ಎಂಬರ್ಥದ ‘ಏಱು’ ಧಾತು. ಹಳಗನ್ನಡದ ಶಕಟರೇಫವಿರುವ ಧಾತುವಿನಿಂದ ತಕಾರವುಳ್ಳ ನಾಮಪದ ಹುಟ್ಟುವುದು ಕನ್ನಡಕ್ಕೆ ಹೊಸತಲ್ಲ. ‘ನಾಱು’ ಧಾತುವಿನಿಂದ ‘ನಾತ’ ಬಂದಿದೆ. ತಮಿಳಿನಲ್ಲಿ ಇದು ‘ನಾಟ್ರಂ’. ಅಲ್ಲಿಯ ‘ಮಾಟ್ರಂ’ ನಮ್ಮಲ್ಲಿ ‘ಮಾತು’ ಆಗಿರುವುದೂ ಇದೇ ಧ್ವನಿಸಂಬಂಧದಿಂದ. ಹೀಗಾಗಿ ‘ಏತ’ ಎಂದರೆ ಏರಿಸುವಂಥದು ಎಂದರ್ಥ. ಇಂಗ್ಲಿಷರು ಇದನ್ನು ‘ಪಿಕೋಟಾ’ ಎಂದು ಕರೆದರು. ಅದು ಹಡಗಿನ ನೀರೆತ್ತುವ ಪಂಪಿನ ಹಿಡಿಕೋಲಿಗೆ ಪೋರ್ಚುಗೀಸರು ಬಳಸುತ್ತಿದ್ದ ಹೆಸರು. ಕಡಲಿನಿಂದ ಬಂದವರು ತಾವು ಕಂಡಿದ್ದ ವಸ್ತುವಿಗೆ ಹೋಲಿಸಿ ಹೆಸರಿಟ್ಟರು, ಇಲ್ಲಿಯವರು ಅದು ಮಾಡುವ ಕೆಲಸದಿಂದ ಹೆಸರಿಟ್ಟರು.

ಹನ್ನೆರಡನೆಯ ಶತಮಾನದ ಹೊತ್ತಿಗೆ ಏತ ಸಾಮಾನ್ಯರಿಗೆ ಚೆನ್ನಾಗಿ ಪರಿಚಿತವಾಗಿತ್ತು ಎಂಬುದಕ್ಕೆ ಬಸವಣ್ಣನವರ ವಚನವೇ ಸಾಕ್ಷಿ. ಅಲ್ಲಿ ಏತದ ಬಾಗುವಿಕೆ ಒಳಗೆ ಭಾವವಿಲ್ಲದ ನಮಸ್ಕಾರಕ್ಕೆ ಹೋಲಿಕೆಯಾಗಿದೆ. ದಿನವೂ ಏತವನ್ನು ನೋಡುತ್ತಿದ್ದ ಕೇಳುಗರಿಗೆ ಈ ಹೋಲಿಕೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನು ‘ಯಾತ’ ರೂಪ. ಪದಾದಿಯ ಏಕಾರವು ‘ಯಾ’ ಆಗುವುದು ಕನ್ನಡದಲ್ಲಿ ವ್ಯಾಪಕವಾದ ಧ್ವನಿವ್ಯತ್ಯಾಸ. ಏಕೆ–ಯಾಕೆ, ಏತಕ್ಕೆ–ಯಾತಕ್ಕೆ, ಏಲಕ್ಕಿ–ಯಾಲಕ್ಕಿ ಇವೆಲ್ಲ ಈ ವರ್ಗಕ್ಕೆ ಸೇರುತ್ತವೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೂ ಬಂದಿದ್ದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸ ಗ್ರಂಥದಲ್ಲಿ ಈ ಸಾಧನದ ಹೆಸರು ‘ಯಾತಂ’ ಎಂದೇ ಇದೆ. ಕೊನೆಯ ಅನುಸ್ವಾರ ತಮಿಳು ಅಥವಾ ತೆಲುಗು ಬಲ್ಲ ದುಭಾಷಿಯಿಂದ ಬಂದಿರಬಹುದು. ಪದಾದಿಯ ‘ಯಾ’ ಮಾತ್ರ ಜನರ ಬಾಯಿಯದು. ‘ಯಾಕೆ’ ಎಂದು ಸಹಜವಾಗಿ ಬರೆಯುವವರೇ ‘ಯಾತ’ವನ್ನು ಹಳ್ಳಿಗರ ತಪ್ಪೆನ್ನುವುದಕ್ಕೆ ವ್ಯಾಕರಣದ ಆಧಾರವಿಲ್ಲ. ಅದು ಕೇವಲ ಅಭ್ಯಾಸಬಲ.

ಕಪಿಲೆಯ ವಿಷಯ ಇನ್ನೂ ಕುತೂಹಲಕರ. ಏತದ ಮರ ಮುಟ್ಟದಷ್ಟು ಆಳದ ಬಾವಿಗಳಿಗೆ ಕಪಿಲೆಯೇ ಬೇಕು. ಬಾವಿಯ ಬಾಯಿಯ ಮೇಲಿನ ಗಾಲಿಯ ಮೂಲಕ ಹಾಯ್ದ ಹಗ್ಗವನ್ನು ಜೋಡೆತ್ತುಗಳು ಇಳಿಜಾರಿನಲ್ಲಿ ಎಳೆಯುತ್ತವೆ, ತೊಗಲಿನ ಚೀಲ ಮೇಲೆ ಬರುತ್ತದೆ. ಚೀಲದ ಬಾಲದಂತಹ ಕೆಳಬಾಯಿಗೆ ಕಟ್ಟಿದ ಎರಡನೆಯ ಹಗ್ಗ ಸಡಿಲವಾದೊಡನೆ ನೀರು ತೊಟ್ಟಿಗೆ ಸುರಿಯುತ್ತದೆ. ಬಳಿಕ ಎತ್ತುಗಳು ಹಿಮ್ಮುಖವಾಗಿ ದಿಬ್ಬವನ್ನೇರಬೇಕು. (ನೀರನ್ನು ‘ಎತ್ತು’ವ ಕ್ರಿಯೆ, ಎಳೆಯುವ ‘ಎತ್ತು’ ಇಂದು ಒಂದೇ ರೂಪದಲ್ಲಿದ್ದರೂ ಮೂಲದಲ್ಲಿ ಬೇರೆ ಬೇರೆ. ಪ್ರಾಣಿವಾಚಕದ ಹಳೆಯ ರೂಪ ‘ಎರ್ತು’.) ಕಪಿಲೆ ಎಂಬ ಹೆಸರನ್ನು ಸಂಸ್ಕೃತದ ಕಪಿಲಾ ಗೋವಿಗೆ, ಕಪಿಲಾ ನದಿಗೆ ಜೋಡಿಸಿ ಹೇಳುವುದುಂಟು. ಆದರೆ ತಮಿಳಿನಲ್ಲಿ ಇದೇ ಸಾಧನಕ್ಕೆ ‘ಕವಲೈ’, ‘ಕಮಲೈ’ ಎಂಬ ಹೆಸರುಗಳಿವೆ. ಪ, ವ, ಮ ಎಂಬ ಓಷ್ಠ್ಯ ಧ್ವನಿಗಳ ಈ ಅದಲುಬದಲು, ದಕ್ಷಿಣದ ಬೇಸಾಯಗಾರರ ಪದವೊಂದು ಕನ್ನಡದಲ್ಲಿ ಪರಿಚಿತ ಸಂಸ್ಕೃತ ಪದದ ರೂಪಕ್ಕೆ ಹೊಂದಿಕೊಂಡಿತೆಂದು ಭಾವಿಸಲು ಎಡೆಕೊಡುತ್ತದೆ. ಪವಿತ್ರ ಗೋವಿನ ಹೆಸರಿನ ಬೆನ್ನಿಗೆ ಚರ್ಮ ಹದಮಾಡಿ ಚೀಲ ಹೊಲಿದ ಮಾದಿಗ ಕುಶಲಕರ್ಮಿಯ ದುಡಿಮೆ ಮರೆಯಾಯಿತು. ಕಪಿಲೆಯ ಚರಿತ್ರೆ ಬರೆಯುವವರು ಆ ದುಡಿಮೆಯಿಂದಲೇ ಆರಂಭಿಸಬೇಕಾಗುತ್ತದೆ.

ರಾಟೆ ಮಾತ್ರ ಉತ್ತರದಿಂದ ಬಂದ ಪದ. ಸಂಸ್ಕೃತದ ‘ಅರಘಟ್ಟ’ ಪ್ರಾಕೃತದಲ್ಲಿ ‘ರಹಟ್ಟ’ವಾಗಿ ಕನ್ನಡದಲ್ಲಿ ರಾಟೆ, ರಾಟಾಳ ಎನಿಸಿತು. ಅಲ್ಲಿ ಅದು ಮಡಕೆಗಳ ಮಾಲೆಯಿದ್ದ ನೀರ್ಗಾಲಿ. ಇಲ್ಲಿ ಮನೆಬಾವಿಯ ಸಣ್ಣ ಗಾಲಿಗೂ ನೂಲುವ ಚರಕಕ್ಕೂ ಅದೇ ಹೆಸರಾಯಿತು, ತಿರುಗುವುದೊಂದೇ ಸಮಾನಗುಣ. 1884ರಲ್ಲಿ ಆರಂಭವಾದ ಗುಬ್ಬಿಯ ನಾಟಕ ಸಂಘದ ರಂಗದ ಮೇಲೂ ಪರದೆಗಳು ಹಗ್ಗದ ಬಲದಿಂದಲೇ ಏರಿಳಿಯುತ್ತಿದ್ದವು. ವೃತ್ತಿರಂಗಭೂಮಿಯ ಪರಿಕರಗಳ ಪದಗಳನ್ನು ಬೇರೆಯಾಗಿಯೇ ಸಂಗ್ರಹಿಸಬೇಕು.

ವಿದ್ಯುತ್ ಪಂಪು ಬಂದ ಮೇಲೆ ಏತ, ಕಪಿಲೆಗಳು ಹೊಲದಿಂದ ಮರೆಯಾದವು. ಪದಗಳು ಮರೆಯಾಗಲಿಲ್ಲ. ನದಿ-ಕಾಲುವೆಗಳಿಂದ ನೀರನ್ನು ಯಂತ್ರಗಳ ಮೂಲಕ ಎತ್ತರಕ್ಕೆ ಸಾಗಿಸುವ ಯೋಜನೆಗಳಿಗೆ ಸರ್ಕಾರ ‘ಏತ ನೀರಾವರಿ’ ಎಂಬ ಹೆಸರನ್ನೇ ಆರಿಸಿಕೊಂಡಿತು. ಒಬ್ಬ ಆಳಿನ ಮೈಭಾರದಷ್ಟೇ ಶಕ್ತಿಯಿದ್ದ ಸಾಧನದ ಹೆಸರು ಈಗ ಸಾವಿರಾರು ಎಕರೆಗಳ ಯೋಜನೆಗೆ ಸಲ್ಲುತ್ತಿದೆ. ಕಡತದಲ್ಲಿ ಅದು ‘ಏತ’, ರೈತನ ಮಾತಿನಲ್ಲಿ ‘ಯಾತ’. ಹಳೆಯ ತೆರೆದ ಬಾವಿಗಳಿಗೆ, ಎತ್ತು, ಹಗ್ಗ, ಚೀಲ ಯಾವುವೂ ಉಳಿಯದ ಕಡೆಯಲ್ಲಿಯೂ, ‘ಕಪಿಲೆ ಬಾವಿ’ ಎಂಬ ಹೆಸರು ನಿಂತಿದೆ. ಕ್ರಿಯಾಪದ ಕೂಡ ಕೈಬಿಟ್ಟಿಲ್ಲ: ಹಿಂದಿನವರು ಕಪಿಲೆ ‘ಹೊಡೆಯುತ್ತಿದ್ದರು’, ಇಂದಿನವರು ಬೋರು ‘ಹೊಡೆಸುತ್ತಾರೆ’.