ನಿಮ್ಮ ರಾ ಫೈಲಿನ ಬೀಗದ ಕೈ ಯಾರ ಹತ್ತಿರ ಇದೆ?

ಈ ವಾರದ ಕಥೆ 1997ರಲ್ಲಿ ಶುರುವಾಗುತ್ತೆ. ಆ ವರ್ಷ ನಮ್ಮ ವಿರಾಜಪೇಟೆ ಪಕ್ಕದ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳನ್ನು ಸೇರಿಸಿ ಹಾಕಿ ಆಡಿಸಿದರು. ಇವತ್ತು ನೂರಾರು ಕುಟುಂಬಗಳು ಆಡುವ ಹಾಕಿ ಹಬ್ಬದ ಮೊದಲ ವರ್ಷ ಅದು. ಅದೇ 1997ರಲ್ಲಿ ಅಮೆರಿಕದಲ್ಲಿ ಡೇವ್ ಕಾಫಿನ್ ಅನ್ನೋ ಪ್ರೋಗ್ರಾಮರ್ ಒಂದು ಪುಟ್ಟ ಪ್ರೋಗ್ರಾಂ ಬರೆಯೋಕೆ ಶುರು ಮಾಡಿದರು. ಅದರ ಹೆಸರು ಡಿಸಿರಾ. ಹೆಸರು ಕಾಫಿನ್ ಆದರೂ ಮನುಷ್ಯನಿಗೆ ಕಾಫಿ ತೋಟಕ್ಕೂ ಸಂಬಂಧ ಇಲ್ಲ, ಕೊಡಗಿಗೂ ಸಂಬಂಧ ಇಲ್ಲ. ಆದರೂ ಹಾಕಿ ಹಬ್ಬದ ಹಳೇ ಫೋಟೋಗಳು ಇವತ್ತು ನನ್ನ ಲ್ಯಾಪ್‌ಟಾಪಲ್ಲಿ ತೆರೆದುಕೊಳ್ತಿವೆ ಅಂದ್ರೆ ಅದಕ್ಕೆ ಆ ಪ್ರೋಗ್ರಾಮೂ ಒಂದು ಕಾರಣ. ಹೇಗೆ ಅಂತ ಹೇಳ್ತೀನಿ.

ಡಿಜಿಟಲ್ ಕ್ಯಾಮೆರಾದಲ್ಲಿ ಜೆಪೆಗ್, ರಾ ಅಂತ ಎರಡು ಬಗೆ ಇರೋದು ನಿಮಗೆ ಗೊತ್ತು. ಜೆಪೆಗ್ ಅಂದ್ರೆ ಲೋಟಕ್ಕೆ ಬಂದ ಕಾಫಿ. ಹುರಿದದ್ದು, ಪುಡಿ ಮಾಡಿದ್ದು, ಸಕ್ಕರೆ ಹಾಕಿದ್ದು ಎಲ್ಲ ಕ್ಯಾಮೆರಾನೇ. ರಾ ಅಂದ್ರೆ ಒಣಗಿಸಿ ಮೂಟೆ ಕಟ್ಟಿದ ಬೀಜ. ಹುರಿಯೋ ಕೆಲಸ ನಮ್ಮದು. ಬಹುಪಾಲು ಕ್ಯಾಮೆರಾಗಳ ಸೆನ್ಸರ್ ಮೇಲೆ ಒಂದು ಬಣ್ಣದ ಜಾಲರಿ ಇರುತ್ತೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್‌ಗೆ 1976ರಲ್ಲಿ ಅದರ ಪೇಟೆಂಟ್ ಸಿಕ್ಕಿತು. ನಾಲ್ಕು ಚುಕ್ಕೆಯಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಪ್ರತಿ ಚುಕ್ಕೆಗೆ ಒಂದೇ ಬಣ್ಣ ಗೊತ್ತು, ಉಳಿದ ಎರಡನ್ನು ಸಾಫ್ಟ್‌ವೇರ್ ಅಕ್ಕಪಕ್ಕದ ಚುಕ್ಕೆ ನೋಡಿ ಲೆಕ್ಕ ಹಾಕುತ್ತೆ. ಅದಕ್ಕೇ ಒಂದೇ ರಾ ಫೈಲನ್ನು ಮೂರು ಸಾಫ್ಟ್‌ವೇರಿನಲ್ಲಿ ತೆರೆದರೆ ಮೂರು ಬೇರೆ ಬೇರೆ ಫೋಟೋ ಬರುತ್ತೆ. ಇದರಲ್ಲಿ ಅಸಲಿ ಬಣ್ಣ ಯಾವುದು ಅಂತ ಕೇಳಿದ್ರೆ ಉತ್ತರ ಇಲ್ಲ.

ಇದು ಎಲ್ಲಿ ಮುಖ್ಯ ಆಗುತ್ತೆ ಅಂತ ತಿಳೀಬೇಕಾ? ಒಂದು ಕೊಡವ ಮದುವೆ ಶೂಟ್ ಮಾಡಿ. ವರ ಬಿಳಿ ಕುಪ್ಯದಲ್ಲಿ, ಪಕ್ಕದಲ್ಲಿ ನಿಂತ ಗಂಡಸರೆಲ್ಲ ಕಪ್ಪು ಕುಪ್ಯದಲ್ಲಿ, ಸೊಂಟಕ್ಕೆ ಕೆಂಪು ರೇಷ್ಮೆ ಚೇಲೆ, ವಧು ಕೆಂಪು ಸೀರೆಯಲ್ಲಿ. ಒಂದೇ ಫ್ರೇಮಿನಲ್ಲಿ ಕ್ಯಾಮೆರಾಗೆ ಇರೋ ಕಷ್ಟ ಎಲ್ಲ ಬಂದು ಕೂರುತ್ತೆ. ಬಿಳಿ ಉಳಿಸೋಕೆ ಹೋದ್ರೆ ಕಪ್ಪು ಇದ್ದಿಲು, ಕಪ್ಪು ತೋರಿಸೋಕೆ ಹೋದ್ರೆ ಬಿಳಿ ಸುಣ್ಣ. ಕೆಂಪಂತೂ ರೇಷ್ಮೆಯ ನೆರಿಗೆ ಕಾಣದ ಹಾಗೆ ಪೇಂಟ್ ಬಳಿದಂತೆ ಆಗಿಬಿಡುತ್ತೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. 12 ಬಿಟ್ ರಾ ಫೈಲಿನಲ್ಲಿ 4,096. 14 ಬಿಟ್ ಆದರೆ 16,384. ಇದ್ದಿಲಿನಂತೆ ಕಾಣೋ ಕುಪ್ಯದೊಳಗೆ ಮಡಿಕೆ, ಗುಂಡಿ, ಪೀಚೆ ಕತ್ತಿಯ ಸರಪಳಿ ಎಲ್ಲ ಇನ್ನೂ ಇರುತ್ತೆ, ಹೊರಗೆ ತೆಗೆಯೋ ಸಾಫ್ಟ್‌ವೇರ್ ಇದ್ರೆ.

ಈಗ ನನ್ನ ಮೇಜಿನ ಮೇಲೆ ಮೂರು ಹಾರ್ಡ್ ಡಿಸ್ಕ್ ಇವೆ. ನಮ್ಮ ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಒಬ್ಬರು ಅಂಗಡಿ ಮುಚ್ಚಿದಾಗ ಕೊಟ್ಟಿದ್ದು. ನಾನು ಅವರನ್ನ ಅಣ್ಣ ಅಂತಾನೇ ಕರೆಯೋದು. 2004ರಿಂದ ಸುಮಾರು ಹತ್ತು ವರ್ಷದ ಕೆಲಸ: ಮದುವೆಗಳು, ಹಾಕಿ ಹಬ್ಬ, ಗೌರಿಕೆರೆಗೆ ಹೋಗೋ ಗಣೇಶನ ರಾತ್ರಿ ಮೆರವಣಿಗೆ. ಎಲ್ಲಾ ರಾ. ಡಿಸ್ಕ್ ನನ್ನ ಹತ್ತಿರ ಇದೆ ಅಂತ ಗೊತ್ತಾದ ಮೇಲೆ ಜನ ಕೇಳ್ಕೊಂಡು ಬರ್ತಾರೆ. ಒಬ್ಬ ಹುಡುಗ ಬಂದ. ಅವನ ಅಜ್ಜ ತೀರಿಕೊಂಡು ಎಂಟು ವರ್ಷ. ಕುಪ್ಯ ಚೇಲೆಯಲ್ಲಿ ಅಜ್ಜ ನಿಂತಿರೋ ಒಳ್ಳೆ ಫೋಟೋ ಅಂತ ಇದ್ದದ್ದು ಒಂದೇ. ಆಲ್ಬಮ್ಮಿನ ಪ್ರಿಂಟಿಗೆ ನಮ್ಮ ಮಳೆಗಾಲ ಬೂಷ್ಟು ಹಿಡಿಸಿದೆ. ಐನ್‌ಮನೆ ಗೋಡೆಗೆ ದೊಡ್ಡದಾಗಿ ಬೇಕು.

ಹುಡುಕಿದೆ, ರಾ ಫೈಲ್ ಸಿಕ್ಕಿತು. ಆರು ಮೆಗಾಪಿಕ್ಸೆಲ್. ಆದರೆ ಅಣ್ಣ ಆಗ ಕೂತು ತಿದ್ದಿದ ಫೋಟೋ, ಪ್ರಿಂಟಿಗೆ ಹೋದ ಆ ಬಣ್ಣ, ಎಲ್ಲೂ ಇಲ್ಲ.

"ಅಣ್ಣ, ಇದನ್ನ ಎಡಿಟ್ ಮಾಡಿದ್ರಲ್ಲ, ಅದೆಲ್ಲಿ ಹೋಯ್ತು?" ಅಂತ ಫೋನ್ ಮಾಡಿದೆ.

"ಅದು ಆ ಸಾಫ್ಟ್‌ವೇರ್ ಒಳಗೇ ಇತ್ತು ಮಾರಾಯ. ಅದೇ ಈಗ ಇಲ್ಲವಲ್ಲ" ಅಂದ್ರು.

ಯಾವ ಸಾಫ್ಟ್‌ವೇರ್ ಅಂತ ನಾನು ಹೇಳಲ್ಲ, ಅದು ಮುಖ್ಯವೂ ಅಲ್ಲ. ಇಪ್ಪತ್ತು ವರ್ಷದಲ್ಲಿ ಇಂಥದ್ದು ಎಷ್ಟೋ ಆಗಿದೆ. ಅದರ ಚರಿತ್ರೆ ಕೇಳಿ.

ಕ್ಯಾನನ್, ನಿಕಾನ್, ಸೋನಿ, ಒಬ್ಬೊಬ್ಬರದ್ದು ಒಂದೊಂದು ರಾ. ಒಳಗಿನ ಬರವಣಿಗೆ ಹೇಗಿದೆ ಅಂತ ಕಂಪನಿಗಳು ಬಹಿರಂಗವಾಗಿ ಹೇಳ್ತಿರಲಿಲ್ಲ. ಕಾಫಿನ್ ಮಾಡಿದ್ದು ಇಷ್ಟೇ: ಒಂದೊಂದೇ ಕ್ಯಾಮೆರಾದ ಗುಟ್ಟು ಬಿಡಿಸೋದು, ಬಿಡಿಸಿದ್ದನ್ನ ಎಲ್ಲರಿಗೂ ಪುಕ್ಕಟೆ ಕೊಡೋದು. ಇಪ್ಪತ್ತೊಂದು ವರ್ಷ ಇದನ್ನೇ ಮಾಡಿದರು. 2003ರಲ್ಲಿ ಅಡೋಬಿಯಿಂದ ಕ್ಯಾಮೆರಾ ರಾ ಬಂತು, ಬರೆದವರು ಫೋಟೋಶಾಪ್ ಹುಟ್ಟಿಸಿದ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಥಾಮಸ್ ನಾಲ್. ಎರಡೇ ವರ್ಷಕ್ಕೆ ಜಗಳ. 2005ರಲ್ಲಿ ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮೆರಾದ ರಾ ಫೈಲಿನಲ್ಲಿ ವೈಟ್ ಬ್ಯಾಲೆನ್ಸ್ ಮಾಹಿತಿಯನ್ನು ಗುಪ್ತಲಿಪಿಯಲ್ಲಿ ಬರೆದಿದೆ ಅಂತ ನಾಲ್ ಬಹಿರಂಗವಾಗಿ ದೂರಿದರು. ಯೋಚಿಸಿ, ಫೋಟೋ ತೆಗೆದವರು ನೀವು, ಆ ಹೊತ್ತಿನ ಬೆಳಕು ಹೇಗಿತ್ತು ಅನ್ನೋ ಮಾಹಿತಿಗೆ ಬೀಗ ಹಾಕಿದ್ದು ಕ್ಯಾಮೆರಾ ಮಾರಿದವರು! ಕಾಫಿನ್ ಆ ಬೀಗವನ್ನೂ ತೆಗೆದರು.

ಅಲ್ಲಿಗೆ ಜನ ಬೀಗ ಇರೋದು ಕ್ಯಾಮೆರಾ ಕಂಪನಿ ಹತ್ತಿರ ಅಂದ್ಕೊಂಡ್ರು. ನನ್ನ ಪ್ರಕಾರ ದೊಡ್ಡ ಬೀಗ ಬಂದದ್ದು ಅದೇ ವರ್ಷದ ಕೊನೆಗೆ, ಯಾರಿಗೂ ಗೊತ್ತಾಗದ ಹಾಗೆ. 2005ರಲ್ಲಿ ಆಪಲ್‌ನ ಅಪರ್ಚರ್, 2007ರಲ್ಲಿ ಅಡೋಬಿಯ ಲೈಟ್‌ರೂಮ್. ಎರಡೂ ಅದ್ಭುತ ಐಡಿಯಾ. ರಾ ಫೈಲನ್ನು ಮುಟ್ಟೋದೇ ಇಲ್ಲ. ನೀವು ಮಾಡಿದ ತಿದ್ದುಪಡಿಯನ್ನ ಅಡುಗೆ ಬರೆದಿಟ್ಟ ಹಾಗೆ ಬರೆದಿಡುತ್ತೆ: ಇಷ್ಟು ಬೆಳಕು ಏರಿಸು, ಇಷ್ಟು ಕೆಂಪು ಇಳಿಸು. ಬೇಕಾದಾಗ ಬದಲಾಯಿಸಿ. ಆದರೆ ಆ ಬರಹ ಓದೋಕೆ ಬರೋದು ಅದೇ ಸಾಫ್ಟ್‌ವೇರಿಗೆ ಮಾತ್ರ. ಬೀಜ ನಿಮ್ಮದು, ಹುರಿದ ಹದ ಅವರ ಪುಸ್ತಕದಲ್ಲಿ.

ಆ ಪುಸ್ತಕಗಳು ಒಂದೊಂದಾಗಿ ಮುಚ್ಚಿದವು. ರಾಶೂಟರ್ ಅನ್ನೋದನ್ನ ಮಾಡ್ತಿದ್ದ ಕಂಪನಿಯ ತಂತ್ರಜ್ಞಾನವನ್ನು 2006ರಲ್ಲಿ ಅಡೋಬಿ ಕೊಂಡಿತು, ರಾಶೂಟರ್ ಅಲ್ಲಿಗೆ ಮುಗೀತು. ಬಿಬಲ್ ಅನ್ನೋದನ್ನ ಕೋರೆಲ್ ಕೊಂಡು 2012ರಲ್ಲಿ ಬೇರೆ ಹೆಸರಿಟ್ಟಿತು. ಅಪರ್ಚರ್ ಇನ್ನು ಬೆಳೆಸಲ್ಲ ಅಂತ ಆಪಲ್ 2014ರಲ್ಲಿ ಹೇಳಿತು, 2015ರಲ್ಲಿ ಮಾರಾಟ ನಿಲ್ಲಿಸಿತು, 2019ರ ಮ್ಯಾಕ್ ಸಿಸ್ಟಮ್‌ನಲ್ಲಿ ಅದು ಓಡೋದೇ ಇಲ್ಲ. ಲೈಟ್‌ರೂಮ್ ಸತ್ತಿಲ್ಲ, ಚೆನ್ನಾಗೇ ಇದೆ. ಆದರೆ 2015ರ ಲೈಟ್‌ರೂಮ್ 6 ಒಮ್ಮೆ ದುಡ್ಡು ಕೊಟ್ಟು ಇಟ್ಟುಕೊಳ್ಳಬಹುದಾದ ಕೊನೆಯದು. ಆಮೇಲೆ ಎಲ್ಲ ಬಾಡಿಗೆ.

ಬಾಡಿಗೆಯನ್ನ ಬೈಯೋದು ಸುಲಭ. ನಾನು ಪೂರ್ತಿ ಬೈಯಲ್ಲ. ಬಾಡಿಗೆ ನಿಲ್ಲಿಸಿದ್ರೂ ಲೈಟ್‌ರೂಮ್ ಕ್ಲಾಸಿಕ್ ತೆರೆದು ಫೋಟೋಗಳನ್ನು ನೋಡಬಹುದು, ಹೊರಗೆ ಕಳಿಸಬಹುದು. ಆದರೆ ತಿದ್ದೋ ವಿಭಾಗ ಮುಚ್ಚುತ್ತೆ. 2023ರಲ್ಲಿ ಅದಕ್ಕೆ ಬಂದ ಎಐ ಡಿನಾಯ್ಸ್ ಗಣೇಶನ ಮೆರವಣಿಗೆಯಂಥ ಕತ್ತಲೆಯ ಫೋಟೋಗೆ ನಿಜಕ್ಕೂ ಒಳ್ಳೇದು. ವಾರಕ್ಕೊಂದು ಮದುವೆ ಶೂಟ್ ಮಾಡಿ ದುಡೀತಿದ್ರೆ ಬಾಡಿಗೆ ಕಟ್ಟಿ, ತಪ್ಪೇನಿಲ್ಲ. ಆದರೆ ಅದು ಆಗಾಗ ಇಂಟರ್ನೆಟ್‌ಗೆ ಹೋಗಿ ಲೈಸೆನ್ಸ್ ಖಾತ್ರಿ ಮಾಡ್ಕೊಳ್ಳಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಎಷ್ಟೋ ಊರಿಗೆ ದಿನಗಟ್ಟಲೆ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಇದು ಲೆಕ್ಕಕ್ಕೆ ಬರಲ್ಲ. ಮಳೆ ಹಿಡಿದರೆ ಟವರ್ ಹೋಗೋ ಊರಿನವರಿಗೆ ಬರುತ್ತೆ.

ಇನ್ನೊಂದು ದಾರಿ ಪುಕ್ಕಟೆಯದು. ಹಂಗೇರಿಯ ಗಾಬೋರ್ ಹೋರ್ವಾತ್ ಶುರು ಮಾಡಿದ ರಾಥೆರಪಿ 2010ರಲ್ಲಿ ಓಪನ್ ಸೋರ್ಸ್ ಆಯ್ತು. ಯೋಹಾನ್ನೆಸ್ ಹನಿಕಾ ಶುರು ಮಾಡಿದ ಡಾರ್ಕ್‌ಟೇಬಲ್ 2009ರದು. ಕಾಫಿನ್ ತಮ್ಮ ಡಿಸಿರಾದ ಕೊನೆಯ ಆವೃತ್ತಿ ಕೊಟ್ಟದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅದರ ಕೋಡ್ ಲಿಬ್‌ರಾ ಮೊದಲಾದ ಹೆಸರಲ್ಲಿ ಹತ್ತಾರು ಪ್ರೋಗ್ರಾಂಗಳ ಒಳಗೆ ಸೇರಿತ್ತು. ಮಾಡಿದವರು ನಿಲ್ಲಿಸಿದರೂ ಕೆಲಸ ನಿಲ್ಲಲಿಲ್ಲ. ಅಪರ್ಚರ್‌ಗೂ ಇದಕ್ಕೂ ಇರೋ ವ್ಯತ್ಯಾಸ ಅದು. ಡಾರ್ಕ್‌ಟೇಬಲ್ ಕಲಿಯೋದು ಸುಲಭ ಅಂತ ಮಾತ್ರ ನಾನು ಹೇಳಲ್ಲ. ಮೊದಲ ವಾರ ತಲೆ ಕೆಡುತ್ತೆ, ಒಂದೇ ಕೆಲಸಕ್ಕೆ ನಾಲ್ಕು ಗುಂಡಿ. ಆದರೆ ಅದು ನಿಮ್ಮ ತಿದ್ದುಪಡಿಯನ್ನು ಪ್ರತಿ ರಾ ಫೈಲಿನ ಪಕ್ಕದಲ್ಲೇ ಪುಟ್ಟ ಎಕ್ಸ್‌ಎಂಪಿ ಫೈಲಾಗಿ ಬರೆದಿಡುತ್ತೆ. ಪೆನ್‌ಡ್ರೈವಿಗೆ ಹಾಕಿದ್ರೆ ಎರಡೂ ಒಟ್ಟಿಗೆ ಹೋಗುತ್ತೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲೂ ಹೀಗೆ ಬರೆಸಬಹುದು, ಸೆಟ್ಟಿಂಗ್ ನೀವು ಆನ್ ಮಾಡಬೇಕು ಅಷ್ಟೇ. ಇವತ್ತೇ ಮಾಡಿ.

ಡಿಎಸ್‌ಎಲ್‌ಆರ್ ಇಲ್ಲ, ನಂಗೇನು ಅಂತೀರಾ? ಆಂಡ್ರಾಯ್ಡ್ 2014ರಿಂದ, ಐಫೋನ್ 2016ರಿಂದ ರಾ ಫೋಟೋಗೆ ದಾರಿ ಮಾಡಿಕೊಟ್ಟಿವೆ. ನಿಮ್ಮ ಫೋನಿನ ಪ್ರೋ ಮೋಡ್‌ನಲ್ಲಿ ಬರೋ ಡಿಎನ್‌ಜಿ ಅಂದ್ರೆ ಅದೇ. 2004ರಲ್ಲಿ ಅಡೋಬಿ ಎಲ್ಲರೂ ಬಳಸಲಿ ಅಂತ ಗುಟ್ಟು ಬಿಚ್ಚಿಟ್ಟು ಕೊಟ್ಟ ರಾ ಮಾದರಿ ಅದು. ಹಾಗಾಗಿ ಇದೇ ಆಯ್ಕೆ ನಿಮ್ಮ ಜೇಬಿನಲ್ಲೂ ಇದೆ. ಯಾವ ಆ್ಯಪ್ ಬಣ್ಣ ಚೆಂದ ಕೊಡುತ್ತೆ ಅಂತ ನೋಡೋ ಮೊದಲು ಕೇಳಬೇಕಾದ್ದು: ನಾನು ಮಾಡಿದ ತಿದ್ದುಪಡಿ ಎಲ್ಲಿ ಕೂರುತ್ತೆ, ಈ ಆ್ಯಪ್ ನಾಳೆ ಇಲ್ಲದಿದ್ರೆ ನನ್ನ ಕೈಗೆ ಏನು ಉಳಿಯುತ್ತೆ?

ಅಜ್ಜನ ಫೋಟೋಗೆ ನಾನು ಡಾರ್ಕ್‌ಟೇಬಲ್ ಆರಿಸಿದೆ. ಬಾಗಿಲ ಕಡೆಯಿಂದ ಬೆಳಕು, ಮುಖ ಅರ್ಧ ನೆರಳಲ್ಲಿ. ಕುಪ್ಯದ ಮಡಿಕೆ ನಿಧಾನವಾಗಿ ಹೊರಗೆ ಬಂತು, ಪೀಚೆ ಕತ್ತಿಯ ಬೆಳ್ಳಿ ಬಂತು. ರಾ, ಪಕ್ಕದಲ್ಲಿ ಎಕ್ಸ್‌ಎಂಪಿ, ಜೊತೆಗೆ ಯಾವ ಸಾಫ್ಟ್‌ವೇರಾದ್ರೂ ತೆರೆಯೋ 16 ಬಿಟ್ ಟಿಫ್ ಒಂದು, ಜೆಪೆಗ್ ಒಂದು, ನಾಲ್ಕನ್ನೂ ಎರಡು ಡಿಸ್ಕಿನಲ್ಲಿ ಇಟ್ಟೆ. ಹುಡುಗನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವನು ಅಜ್ಜಿಗೆ ತೋರಿಸಿದ. ಚೇಲೆಯ ಕೆಂಪು ಇದಲ್ಲ, ಇನ್ನೂ ಗಾಢ ಇತ್ತು ಅಂದ್ರಂತೆ ಅಜ್ಜಿ. ಆ ಚೇಲೆ ಇನ್ನೂ ಅವರ ಪೆಟ್ಟಿಗೆಯಲ್ಲಿದೆಯಂತೆ. ಭಾನುವಾರ ಲ್ಯಾಪ್‌ಟಾಪ್ ತಗೊಂಡು ಹೋಗ್ತಿದ್ದೀನಿ, ಪಕ್ಕದಲ್ಲಿಟ್ಟು ನೋಡೋಕೆ.