ನೀರಿನಿಂದ ಎತ್ತಿದ ಮೇಲಿನ ನಾಲ್ಕು ನಿಮಿಷ



ಗಡಿಯ ಈಚೆಗೆ ನಮ್ಮ ಆದೋನಿ, ಆಚೆಗೆ ಸಿರುಗುಪ್ಪ. ತುಂಗಭದ್ರೆಯ ಕಾಲುವೆ ನೀರು ಎರಡೂ ಕಡೆಯ ಹೊಲಗಳಿಗೆ ಹರಿಯುತ್ತದೆ. ಆ ನೀರಿನಿಂದ ನಮ್ಮ ಹೊಟ್ಟೆ ತುಂಬುತ್ತದೆ. ಅದೇ ನೀರು ಒಮ್ಮೊಮ್ಮೆ ಮನೆಯ ಮಗುವನ್ನೂ ಕೇಳುತ್ತದೆ. ಎಮ್ಮೆ ಮೈ ತೊಳೆಯಲು ಹೋದ ಹುಡುಗ, ಬಟ್ಟೆ ಒಗೆಯಲು ಹೋದ ಹೆಣ್ಣುಮಗಳು, ಬಾವಿಯಲ್ಲಿ ಈಜು ಕಲಿಯಲು ಇಳಿದ ಮಕ್ಕಳು, ಇಂಥ ಸುದ್ದಿ ಕೇಳದ ಊರು ನಮ್ಮಲ್ಲಿ ಇಲ್ಲ. ನೀರಿನಲ್ಲಿ ಮುಳುಗಿ ಸತ್ತವರ ಸಂಖ್ಯೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ಮಗುವನ್ನು ನೀರಿನಿಂದ ಎತ್ತಿ ದಡಕ್ಕೆ ತಂದಾಯಿತು. ಮುಂದೇನು? ಈ ಪ್ರಶ್ನೆಗೆ ಮನುಷ್ಯರು ಇನ್ನೂರೈವತ್ತು ವರ್ಷಗಳಿಂದ ಏನೇನು ಉತ್ತರ ಕೊಟ್ಟರು ಎಂಬುದೇ ಈ ಹೊತ್ತಿನ ನನ್ನ ಮಾತು. ನಾನು ವೈದ್ಯನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದು ನಿವೃತ್ತನಾದವನು. ಆದರೆ ಯಾವ ಲೆಕ್ಕ ಎಲ್ಲಿ ತಪ್ಪಿತು ಎಂದು ಹಿಂದಿನ ಪುಟ ತಿರುವಿ ನೋಡುವ ಚಾಳಿ ನನ್ನನ್ನು ಬಿಟ್ಟಿಲ್ಲ. ಇದೂ ಅಂಥದೇ ಒಂದು ಲೆಕ್ಕ.

ಮೊದಲು ನಮ್ಮ ಕಡೆ ಏನು ಮಾಡುತ್ತಾರೆ ನೋಡೋಣ. ಮಗುವಿನ ಎರಡೂ ಕಾಲು ಹಿಡಿದು ತಲೆಕೆಳಗು ಮಾಡಿ ಗಿರಗಿರನೆ ತಿರುಗಿಸುವವರುಂಟು. ಹೆಗಲ ಮೇಲೆ ಬೋರಲು ಹಾಕಿಕೊಂಡು ಓಡುವವರುಂಟು. ಹೊಟ್ಟೆ ಅದುಮಿ ನೀರು ಕಕ್ಕಿಸುವವರುಂಟು. ಈಚೆಗೆ ಮತ್ತೊಂದು ಸೇರಿದೆ. ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತರೆ ಉಪ್ಪು ನೀರನ್ನು ಹೀರಿ ಜೀವ ಮರಳುತ್ತದೆ ಎಂಬ ಸುದ್ದಿ ಮೊಬೈಲಿನಲ್ಲಿ ಹರಿದಾಡುತ್ತದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇದನ್ನು ನಂಬಿ, ತೀರಿಹೋದ ಬಾಲಕನನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಇಟ್ಟು ಕಾದರು. ಆ ತಾಯಿತಂದೆಯರನ್ನು ನಗಬೇಡಿ. ಕೈಗೆ ಸಿಕ್ಕ ಹುಲ್ಲುಕಡ್ಡಿಯನ್ನು ಹಿಡಿಯದ ಹೆತ್ತವರು ಎಲ್ಲಿದ್ದಾರೆ? ಹಳ್ಳಿಯವರು, ಓದದವರು, ಅದಕ್ಕೇ ಹೀಗೆ ಎಂದೂ ಅನ್ನಬೇಡಿ. ದೊಡ್ಡ ದೊಡ್ಡ ಪಂಡಿತರ ಯುರೋಪಿನಲ್ಲಿಯೂ ಇದೇ ನಡೆದಿತ್ತು.

ಹಾಲೆಂಡ್ ದೇಶದ ಆಮ್‌ಸ್ಟರ್‌ಡ್ಯಾಮ್ ಊರಿನ ತುಂಬ ಕಾಲುವೆಗಳು. ಅಲ್ಲಿ ಬಿದ್ದು ಸಾಯುವವರು ಬಹಳ. ಅದಕ್ಕೆಂದು 1767ರಲ್ಲಿ ಅಲ್ಲಿನ ಕೆಲವರು ಸೇರಿ, ಮುಳುಗಿದವರನ್ನು ಬದುಕಿಸಲು ಒಂದು ಸಂಘ ಕಟ್ಟಿದರು. ಜಗತ್ತಿನಲ್ಲಿ ಈ ಬಗೆಯ ಮೊದಲ ಸಂಘಗಳಲ್ಲಿ ಅದೊಂದು. ಅದನ್ನು ನೋಡಿ ಲಂಡನ್ನಿನಲ್ಲಿ ವಿಲಿಯಂ ಹಾವ್ಸ್ ಮತ್ತು ಥಾಮಸ್ ಕೋಗನ್ ಎಂಬ ಇಬ್ಬರು ವೈದ್ಯರು 1774ರಲ್ಲಿ ಇನ್ನೊಂದು ಸಂಘ ಆರಂಭಿಸಿದರು. ಮುಂದೆ ಅದಕ್ಕೆ ರಾಯಲ್ ಹ್ಯೂಮೇನ್ ಸೊಸೈಟಿ ಎಂಬ ಹೆಸರು ಬಂತು. ಮುಳುಗಿದವರನ್ನು ಬೇಗನೆ ಎತ್ತಿ ತಂದವರಿಗೆ ಹಾವ್ಸ್ ಅದಕ್ಕೂ ಮೊದಲೇ ತಮ್ಮ ಕಿಸೆಯಿಂದ ಇನಾಮು ಕೊಡುತ್ತಿದ್ದರು. ಸಂಘವೂ ಇನಾಮು ಕೊಟ್ಟಿತು. ಯಾರು ಯತ್ನಿಸಿದರೂ ಹಣ, ಜೀವ ಉಳಿದರೆ ಹೆಚ್ಚಿನ ಹಣ. ಹೆಣವೆಂದು ಹೆದರಿ ಬಾಗಿಲು ಹಾಕಿಕೊಳ್ಳುತ್ತಿದ್ದ ಛತ್ರದವರಿಗೂ, ಒಳಗೆ ಜಾಗ ಕೊಟ್ಟರೆ ಬಹುಮಾನ.

ಈ ಸಂಘಗಳು ಮಾಡಿದ ದೊಡ್ಡ ಉಪಕಾರ ಒಂದಿದೆ. ಉಸಿರು ನಿಂತಂತೆ ಕಂಡ ಮಾತ್ರಕ್ಕೆ ಕಥೆ ಮುಗಿಯಲಿಲ್ಲ, ದಡದಲ್ಲಿ ನಿಂತ ಸಾಮಾನ್ಯ ಮನುಷ್ಯನೇ ಏನಾದರೂ ಮಾಡಬಹುದು ಎಂಬ ನಂಬಿಕೆಯನ್ನು ಅವು ಹುಟ್ಟಿಸಿದವು. ಆದರೆ ಏನು ಮಾಡಬೇಕು ಎಂಬಲ್ಲಿ ಎಡವಿದರು. ತಲೆ ಕೆಳಗೆ ಮಾಡಿ ನೀರು ಸುರಿಸುವುದು, ಪೀಪಾಯಿಯ ಮೇಲೆ ಬೋರಲು ಮಲಗಿಸಿ ಹಿಂದೆ ಮುಂದೆ ಉರುಳಿಸುವುದು, ರಕ್ತ ತೆಗೆಯುವುದು, ಎಲ್ಲವೂ ಆ ಕಾಲದ ಚಿಕಿತ್ಸೆಗಳೇ. ಎಲ್ಲಕ್ಕಿಂತ ವಿಚಿತ್ರವಾದದ್ದು ಹೊಗೆಸೊಪ್ಪಿನ ಚಿಕಿತ್ಸೆ. ತಿದಿಯಿಂದ ಹೊಗೆಸೊಪ್ಪಿನ ಹೊಗೆಯನ್ನು ರೋಗಿಯ ಗುದದ್ವಾರದೊಳಗೆ ಊದುತ್ತಿದ್ದರು! ಒಳಗೆ ಬಿಸಿ ತಾಗಿದರೆ ಜೀವ ಎದ್ದು ಕೂರುತ್ತದೆ ಎಂಬ ನಂಬಿಕೆ. ಥೇಮ್ಸ್ ನದಿಯ ದಂಡೆಯಲ್ಲಿ ಅದಕ್ಕೆ ಬೇಕಾದ ತಿದಿ, ನಳಿಕೆಗಳನ್ನು ಸಿದ್ಧವಾಗಿ ಇರಿಸಿದ್ದರು. ಹೊಗೆಸೊಪ್ಪಿನ ಸತ್ವ ಹೃದಯಕ್ಕೆ ವಿಷ ಎಂದು ಬೆಂಜಮಿನ್ ಬ್ರಾಡಿ ಎಂಬ ವೈದ್ಯರು 1811ರಲ್ಲಿ ತೋರಿಸಿದ ಮೇಲೆ ಆ ಪದ್ಧತಿ ಕ್ರಮೇಣ ಹಿಂದೆ ಸರಿಯಿತು. ನಮ್ಮ ಉಪ್ಪಿನ ರಾಶಿಗೂ ಆ ಹೊಗೆಗೂ ಏನು ವ್ಯತ್ಯಾಸ, ನೀವೇ ಹೇಳಿ.

ಇನ್ನೊಂದು ಸಂಗತಿ ಕೇಳಿದರೆ ಹೊಟ್ಟೆ ಉರಿಯುತ್ತದೆ. ಸರಿಯಾದ ಉತ್ತರ ಆಗಲೇ ಅವರ ಕೈಯಲ್ಲಿತ್ತು. 1732ರಲ್ಲಿ ಸ್ಕಾಟ್ಲೆಂಡಿನ ಕಲ್ಲಿದ್ದಲ ಗಣಿಯೊಂದರಲ್ಲಿ ಹೊಗೆಗೆ ಸಿಕ್ಕಿ ಒಬ್ಬ ಕೂಲಿಯಾಳು ಉಸಿರಿಲ್ಲದೆ ಬಿದ್ದ. ವಿಲಿಯಂ ಟೊಸಾಕ್ ಎಂಬ ವೈದ್ಯರು ಅವನ ಬಾಯಿಗೆ ಬಾಯಿ ಹಚ್ಚಿ, ಮೂಗು ಹಿಡಿದು, ಬಲವಾಗಿ ಊದಿದರು. ಎದೆ ಏರಿತು, ನಾಡಿ ಮರಳಿತು, ಆಳು ಬದುಕಿದ. ಆ ಸಂಗತಿಯನ್ನು ಟೊಸಾಕ್ 1744ರಲ್ಲಿ ಬರೆದು ಅಚ್ಚು ಹಾಕಿಸಿದರು. ಮೊದಮೊದಲು ಸಂಘಗಳೂ ಇದನ್ನು ಒಪ್ಪಿದ್ದವು. ಆಮೇಲೆ ಬಿಟ್ಟುಬಿಟ್ಟವು. ನಾವು ಹೊರಗೆ ಬಿಡುವ ಉಸಿರು ಕೆಟ್ಟ ಗಾಳಿ, ಅದು ಇನ್ನೊಬ್ಬರಿಗೆ ಉಪಯೋಗವಿಲ್ಲ ಎಂದು ತಿಳಿದದ್ದು ಒಂದು ಕಾರಣ. ಪರರ ಬಾಯಿಗೆ ಬಾಯಿ ಹಚ್ಚಲು ಹೇಸಿಗೆಪಟ್ಟದ್ದು ಇನ್ನೊಂದು.

ಬಾಯಿಯ ಬದಲು ಕೈ ಬಂತು. 1858ರಲ್ಲಿ ಸಿಲ್ವೆಸ್ಟರ್ ಎಂಬವರು, ಅಂಗಾತ ಮಲಗಿಸಿ ಎರಡೂ ತೋಳುಗಳನ್ನು ತಲೆಯ ಮೇಲಕ್ಕೆ ಎಳೆದು ಮತ್ತೆ ಎದೆಗೆ ಒತ್ತುವ ವಿಧಾನ ಹೇಳಿದರು. 1903ರಲ್ಲಿ ಷೇಫರ್ ಎಂಬವರು ಬೋರಲು ಮಲಗಿಸಿ ಬೆನ್ನು ಒತ್ತಿರಿ ಎಂದರು. 1932ರಲ್ಲಿ ಡೆನ್ಮಾರ್ಕಿನ ಸೈನ್ಯಾಧಿಕಾರಿ ಹೋಲ್ಗರ್ ನೀಲ್ಸನ್, ಬೋರಲು ಮಲಗಿಸಿ ಬೆನ್ನು ಒತ್ತುವುದಕ್ಕೆ ತೋಳು ಎತ್ತುವುದನ್ನು ಸೇರಿಸಿದರು. ಪ್ರಥಮ ಚಿಕಿತ್ಸೆಯ ಹಳೆಯ ಪುಸ್ತಕಗಳಲ್ಲಿ ಈ ಚಿತ್ರಗಳೇ ಇರುತ್ತಿದ್ದವು. ಸುಮಾರು ನೂರು ವರ್ಷ ಜಗತ್ತು ಇದನ್ನೇ ಕಲಿಸಿತು, ಇದನ್ನೇ ಕಲಿಯಿತು.

ಕೊನೆಗೆ 1950ರ ದಶಕದಲ್ಲಿ ಅಮೆರಿಕದಲ್ಲಿ ಇಬ್ಬರು ವೈದ್ಯರು ಲೆಕ್ಕ ತಾಳೆ ನೋಡಲು ಕೂತರು. ಒಬ್ಬರು ಜೇಮ್ಸ್ ಈಲಮ್, ಇನ್ನೊಬ್ಬರು ಪೀಟರ್ ಸಫಾರ್. ನಾವು ಒಳಗೆ ಎಳೆಯುವ ಗಾಳಿಯಲ್ಲಿ ಪ್ರಾಣವಾಯು ನೂರಕ್ಕೆ 21 ಪಾಲು. ಹೊರಗೆ ಬಿಡುವುದರಲ್ಲಿಯೂ 16, 17 ಪಾಲು ಉಳಿದಿರುತ್ತದೆ. ಇನ್ನೊಂದು ಜೀವ ಹಿಡಿದು ನಿಲ್ಲಿಸಲು ಅಷ್ಟು ಸಾಕು ಎಂದು ಈಲಮ್ ತೋರಿಸಿದರು. ಸಫಾರ್ ಬಾಲ್ಟಿಮೋರ್ ನಗರದಲ್ಲಿ ಇನ್ನೂ ಮುಂದೆ ಹೋದರು. ತಾವಾಗಿ ಒಪ್ಪಿ ಬಂದವರಿಗೆ ಔಷಧಿ ಕೊಟ್ಟು, ಸ್ವಂತ ಉಸಿರಾಟ ನಿಲ್ಲುವಂತೆ ಮಾಡಿ, ಎಚ್ಚರಿಕೆಯಿಂದ ಹಳೆಯ ಹೊಸ ವಿಧಾನಗಳನ್ನು ಹೋಲಿಸಿದರು. ಎಚ್ಚರ ತಪ್ಪಿದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ. ಬಾಗಿಲು ಮುಚ್ಚಿದ ಮನೆಗೆ ಎಷ್ಟು ಬೀಸಿದರೆ ಗಾಳಿ ಹೋದೀತು? ಬೆನ್ನು ಒತ್ತಿದರೂ ತೋಳು ಎಳೆದರೂ ಬೇಕಾದಷ್ಟು ಗಾಳಿ ಒಳಗೆ ಹೋಗುತ್ತಿರಲಿಲ್ಲ. ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ ಬಾಯಿಂದ ಊದಿದರೆ ಎದೆ ಏರುತ್ತಿತ್ತು. ಊದಿದವರಲ್ಲಿ ಯಾವ ತರಬೇತಿಯೂ ಇಲ್ಲದ ಸಾಮಾನ್ಯ ಜನರೂ ಇದ್ದರು.

1960ರಲ್ಲಿ ಇನ್ನೊಂದು ಅರ್ಧ ಸಿಕ್ಕಿತು. ಕೌವೆನ್‌ಹೋವನ್ ಎಂಬ ವಿದ್ಯುತ್ ಎಂಜಿನಿಯರರು, ಜೂಡ್ ಮತ್ತು ನಿಕರ್‌ಬಾಕರ್ ಎಂಬವರ ಜೊತೆ ಸೇರಿ, ನಿಂತ ಹೃದಯವನ್ನು ಎದೆಯ ಮೇಲಿನಿಂದ ಒತ್ತಿಯೇ ರಕ್ತ ಹರಿಸಬಹುದು ಎಂದು ಪ್ರಕಟಿಸಿದರು. ಬೇಕಾದದ್ದು ಎರಡು ಕೈ ಮಾತ್ರ. ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಜನರು ಅಭ್ಯಾಸ ಮಾಡಲೆಂದು ಒಂದು ಗೊಂಬೆ ಮಾಡಿದರು. ಅದಕ್ಕೆ ಕೊಟ್ಟ ಮುಖ, ಪ್ಯಾರಿಸ್ಸಿನ ನದಿಯಲ್ಲಿ ಮುಳುಗಿ ಸತ್ತ ಹೆಸರಿಲ್ಲದ ಹುಡುಗಿಯದೆಂದು ಜನ ಹೇಳಿಕೊಂಡು ಬಂದದ್ದು.

ಈ ಚರಿತ್ರೆಯಿಂದ ನನಗೆ ತಿಳಿದದ್ದು ಇಷ್ಟು. ಇನ್ನೂರು ವರ್ಷ ಎಲ್ಲರೂ ನೀರನ್ನು ಹೊರಗೆ ಹಾಕಲು ನೋಡಿದರು. ಬೇಕಾಗಿದ್ದದ್ದು ಗಾಳಿಯನ್ನು ಒಳಗೆ ಹಾಕುವುದು. ಮುಳುಗಿದವರ ಶ್ವಾಸಕೋಶಕ್ಕೆ ಹೋಗುವ ನೀರು ನಾವು ತಿಳಿದಷ್ಟು ಇರುವುದಿಲ್ಲ. ಹೋದದ್ದೂ ಬೇಗ ರಕ್ತಕ್ಕೆ ಸೇರುತ್ತದೆ. ತಲೆಕೆಳಗು ಮಾಡಿದಾಗ ಸುರಿಯುವ ನೀರು ಬಹುಪಾಲು ಹೊಟ್ಟೆಯದು. ಹೊಟ್ಟೆ ಅದುಮಿದರೆ ಒಳಗಿನ ಅನ್ನ ಮೇಲೆ ಬಂದು ಉಸಿರಿನ ದಾರಿಗೇ ಅಡ್ಡ ಬೀಳಬಹುದು. ಉಸಿರು ನಿಂತು ನಾಲ್ಕೈದು ನಿಮಿಷವಾದರೆ ಮಿದುಳು ಕೆಡತೊಡಗುತ್ತದೆ. ತಿರುಗಿಸುತ್ತ ಕಳೆದ ಪ್ರತಿ ನಿಮಿಷವೂ ಆ ಮಗುವಿನ ಖಾತೆಯಿಂದ ಖರ್ಚು ಬಿದ್ದದ್ದೇ.

ಹಾಗಾದರೆ ಈಗಿನ ಕ್ರಮ ಏನು? ಮೊದಲು ನಿಮ್ಮ ಜೀವ ನೋಡಿಕೊಳ್ಳಿ. ಈಜು ಬಾರದವರು ನೀರಿಗೆ ಹಾರಬೇಡಿ. ಹಗ್ಗ, ಗಳ, ಸೀರೆ, ಖಾಲಿ ಕೊಡ, ಸಿಕ್ಕದ್ದನ್ನು ಎಸೆಯಿರಿ. ದಡಕ್ಕೆ ತಂದ ಮೇಲೆ ಅಂಗಾತ ಮಲಗಿಸಿ, ಹೆಗಲು ತಟ್ಟಿ ಗಟ್ಟಿಯಾಗಿ ಕರೆಯಿರಿ. ಓಗೊಡದಿದ್ದರೆ ತಲೆ ಬಾಗಿಸಿ ಗದ್ದ ಎತ್ತಿ, ಎದೆ ಏರುತ್ತಿದೆಯೇ ಎಂದು ನೋಡಿ, ಮೂಗಿನ ಬಳಿ ಕಿವಿ ಇಟ್ಟು ಕೇಳಿ. ಇದಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುವ ಏದುಸಿರು ಉಸಿರಾಟವಲ್ಲ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ಕಾವಲಿರಿ. ಇಲ್ಲದಿದ್ದರೆ ಮೂಗು ಮುಚ್ಚಿ ಮೊದಲು ಎರಡು ಸಲ ಊದಿ, ಎದೆ ಏರಬೇಕು. ಐದು ಸಲ ಊದಿ ಆರಂಭಿಸಿ ಎಂದು ಕಲಿಸುವ ದೇಶಗಳೂ ಇವೆ. ಆಮೇಲೆ ಎದೆಯ ನಡುವೆ ಅಂಗೈ ಇಟ್ಟು 30 ಸಲ ಒತ್ತಿ, 2 ಸಲ ಊದಿ, ಹೀಗೇ ನಡೆಸಿ. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ದೊಡ್ಡವರಿಗೆ ಎದೆ 5 ಸೆಂಟಿಮೀಟರಿನಷ್ಟು ಇಳಿಯಬೇಕು, ಮಕ್ಕಳಿಗೆ ಎದೆಯ ದಪ್ಪದ ಮೂರರಲ್ಲಿ ಒಂದು ಪಾಲು. ಉಸಿರು ಮರಳುವವರೆಗೆ ಇಲ್ಲವೇ ವಾಹನ ಬರುವವರೆಗೆ ನಿಲ್ಲಿಸಬೇಡಿ. ದಣಿದರೆ ಇನ್ನೊಬ್ಬರಿಗೆ ಕೊಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ತೋರಿಸಲೇಬೇಕು. ತೊಂದರೆ ಗಂಟೆಗಳ ಮೇಲೂ ಕಾಣಿಸಿಕೊಳ್ಳುವುದುಂಟು.

ನೀವು ಇದನ್ನು ಮಾಡುವಾಗ ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಆ ಸೇವೆ 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ, ಆಗಿನ ಕೂಡಿದ ಆಂಧ್ರಪ್ರದೇಶದಲ್ಲಿಯೇ ಆರಂಭವಾದದ್ದು. ಕರ್ನಾಟಕಕ್ಕೆ 2008ರಲ್ಲಿ ಬಂತು. ಗಡಿಯವರಾದ ನಾವು ಒಂದು ಜಾಗ್ರತೆ ವಹಿಸಬೇಕು. ರಾಜ್ಯ, ಜಿಲ್ಲೆ, ಮಂಡಲ ಇಲ್ಲವೇ ತಾಲೂಕು, ಆಮೇಲೆ ಊರು, ಆಮೇಲೆ ಗುಡಿಯೋ ಸೇತುವೆಯೋ ಒಂದು ಗುರುತು, ಈ ಕ್ರಮದಲ್ಲಿ ಹೇಳಿ. ಮನೆಮಾತು ಕನ್ನಡವಾದರೂ, ಆ ಕಡೆಯವರಿಗೆ ಬೇಗ ತಿಳಿಯುವ ಭಾಷೆಯಲ್ಲಿ ಹೇಳಿ. ಜೀವ ಹೋಗುವಾಗ ಭಾಷೆಯ ಹಟ ಬೇಡ. ಎರಡು ಭಾಷೆ ಬಲ್ಲದ್ದು ಇಂಥ ಹೊತ್ತಿಗೇ ಉಪಯೋಗಕ್ಕೆ ಬರಬೇಕು.

ಪೊಲೀಸರು ಬಂದು ಪಂಚನಾಮೆ ಆಗುವ ತನಕ ಮುಟ್ಟಬಾರದು ಎಂಬ ಹೆದರಿಕೆ ಇನ್ನೂ ಹಲವರಲ್ಲಿದೆ. ಇದಕ್ಕೆ ಉತ್ತರ 1989ರಲ್ಲಿಯೇ ಸಿಕ್ಕಿದೆ. ಪರಮಾನಂದ ಕಟಾರ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಜೀವ ಉಳಿಸುವುದೇ ಮೊದಲು, ಕಾನೂನಿನ ವಿಧಿಗಳಿಗಾಗಿ ಚಿಕಿತ್ಸೆ ತಡೆಯಬಾರದು, ಸರ್ಕಾರಿ ವೈದ್ಯರಿರಲಿ ಖಾಸಗಿ ವೈದ್ಯರಿರಲಿ ಎಲ್ಲರಿಗೂ ಈ ಕರ್ತವ್ಯವಿದೆ ಎಂದು ಸ್ಪಷ್ಟವಾಗಿ ಹೇಳಿತು.

ಕೊನೆಗೆ ಒಂದು ಬೇಡಿಕೆ. ರೇಡಿಯೋದಲ್ಲಿ ಕೇಳಿದ್ದು ಕಿವಿಯಲ್ಲಿ ಉಳಿಯುತ್ತದೆ, ಕೈಗೆ ಬರುವುದಿಲ್ಲ. ನಿಮ್ಮ ಊರ ಶಾಲೆಯ ಗುರುಗಳಿಗೆ, ಆರೋಗ್ಯ ಕೇಂದ್ರದ ನರ್ಸಮ್ಮನಿಗೆ ಹೇಳಿ, ಬೇಸಿಗೆ ರಜೆಗೆ ಮೊದಲು, ಅಂದರೆ ಮಕ್ಕಳು ಬಾವಿಗೆ ಇಳಿಯುವ ಮೊದಲು, ಒಂದು ದಿನ ಇದನ್ನು ಮಾಡಿ ತೋರಿಸಲು ಕೇಳಿ. ಬಾವಿಯ ದಡದಲ್ಲಿ ವೈದ್ಯರು ಇರುವುದಿಲ್ಲ, ನೀವು ಇರುತ್ತೀರಿ. ಇನ್ನೂರೈವತ್ತು ವರ್ಷ ತಪ್ಪಿ ತಪ್ಪಿ ಕಲಿತ ವಿದ್ಯೆ ಇದು. ನಮ್ಮ ಊರುಗಳು ಅದನ್ನು ಮೊದಲಿನಿಂದ ತಪ್ಪಿ ಕಲಿಯಬೇಕಾಗಿಲ್ಲ.